ನೋಟಕ್ಕೆ ನಿಲ್ಲುವ ಹೊಲಿಗೆ

ಮಂದಾಕಿನಿಯ ಹೊಲಿಗೆ ಸೊಟ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತಿನ ಭರದಲ್ಲಿ ಮರೆತುಹೋದೀತು. ಅವಳು ಹೊಲಿದ ಯಾವ ಅಂಗಿಯನ್ನಾದರೂ ಒಳಮಗ್ಗುಲು ತಿರುವಿ ನೋಡಿ, ದಾರ ಕುಡಿದವನ ಹಾಗೆ ಅತ್ತಿತ್ತ ವಾಲಿಕೊಂಡು ಹೋಗಿರುತ್ತದೆ. ಕಂಕುಳ ಹತ್ತಿರ ಬಟ್ಟೆ ಸಾಲದೆ ತೇಪೆ ಕೊಟ್ಟಿರುತ್ತಾಳೆ. ಗುಂಡಿಯ ಕಾಜಾ ಒಂದು ಮೇಲೆ, ಒಂದು ಕೆಳಗೆ. ನಾನು ಈ ಮನೆಯ ಹಿರಿಯ ಸೊಸೆ, ಅವಳು ಕಿರಿಯವಳು, ನನ್ನ ಓರಗಿತ್ತಿ. ಇಬ್ಬರೂ ಒಂದೇ ಅತ್ತೆಯ ಕೈಕೆಳಗೆ ಕತ್ತರಿ ಹಿಡಿದವರು. ನನ್ನ ಹೊಲಿಗೆ ಗೆರೆ ಎಳೆದ ಹಾಗಿರುತ್ತದೆ ಎಂದು ಅತ್ತೆಯೇ ಬಾಯಿಬಿಟ್ಟು ಹೇಳುತ್ತಿದ್ದರು. ಇಷ್ಟಾದರೂ ಊರಿನಲ್ಲಿ ಯಾರು ಚೆನ್ನಾಗಿ ಬಟ್ಟೆ ಹೊಲಿಯುತ್ತಾರೆ ಎಂದು ಕೇಳಿದರೆ ಎಲ್ಲರೂ ಅವಳ ಹೆಸರನ್ನೇ ಹೇಳುತ್ತಾರೆ. ನನ್ನ ಹೆಸರು ಜಲಜ. ಕೇಳಿರಲಿಕ್ಕಿಲ್ಲ ಬಿಡಿ.

ನಮ್ಮೂರಿನಲ್ಲಿ ಹೊಸ ಬಟ್ಟೆಯನ್ನು ಹೊಲಿದರಷ್ಟೇ ಆಗಲಿಲ್ಲ, ಅದನ್ನು ನಡೆಸಬೇಕು. ಮೊದಲ ಸಲ ತೊಟ್ಟ ದಿನವೇ ಅದನ್ನು ತೊಟ್ಟವರು ಉದ್ದಬೀದಿಯ ಈ ತುದಿಯ ಬಾವಿಯಿಂದ ಆ ತುದಿಯ ಬೇವಿನಮರದವರೆಗೆ ನಡೆದುಹೋಗಬೇಕು. ಎರಡೂ ಕಡೆಯ ಜಗಲಿಗಳ ಮೇಲೆ ಜನ ಕೂತು ನೋಡಬೇಕು. ಬೇವಿನಮರ ಮುಟ್ಟುವವರೆಗೂ ಅದರ ಮೇಲೆ ಕಣ್ಣಿದ್ದರೆ ಹೊಲಿಗೆ ನಿಲ್ಲುತ್ತದೆ. ನಡುವೆ ಎಲ್ಲರೂ ಕಣ್ಣು ಕಿತ್ತರೆ ಅಲ್ಲಿಯವರೆಗೆ ಬಿದ್ದ ನೋಟವೆಲ್ಲ ದಂಡ. ಹಾಗೆ ನೋಟ ಸಾಲದ ಬಟ್ಟೆ ದೀಪ ಹಚ್ಚುವ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಹರಿಯುವುದಿಲ್ಲ, ಚಿಂದಿಯಾಗುವುದಿಲ್ಲ, ದಾರ ತಾನಾಗಿ ಜಾರಿ ತೋಳು ಬೇರೆ, ಬೆನ್ನು ಬೇರೆ, ಕಾಲರು ಬೇರೆಯಾಗಿ ಕತ್ತರಿಸಿದ ತುಂಡುಗಳು ಕೆಳಗೆ ಬೀಳುತ್ತವೆ. ನೋಟದಲ್ಲೂ ಹೆಚ್ಚುಕಡಿಮೆ ಉಂಟು. ದಾಕ್ಷಿಣ್ಯಕ್ಕೆ ನೋಡಿದ ಬಟ್ಟೆ ನಾಲ್ಕು ಒಗೆತ ಬರುತ್ತದೆ. ಕಣ್ಣು ಕೀಳಲಾರದೆ ನೋಡಿದ್ದು ವರ್ಷಗಟ್ಟಲೆ ಬಾಳುತ್ತದೆ.

ಹಾಗಾಗಿ ನಮ್ಮ ಹಿರಿಯರು ಸೀರೆ, ಪಂಚೆ, ಶಾಲುಗಳನ್ನೇ ನಂಬಿದವರು. ಅವುಗಳಿಗೆ ಹೊಲಿಗೆಯ ಹಂಗಿಲ್ಲ. ರವಿಕೆಗಳಿಗೆ ಅಕ್ಕಪಕ್ಕದ ಹೆಂಗಸರನ್ನು ಕರೆದು ಹಿತ್ತಲಿನಲ್ಲೇ ನಡಿಗೆ ಮುಗಿಸುತ್ತೇವೆ, ಕಾಫಿ ಕೊಟ್ಟರೆ ಆಯಿತು. ಒಳಉಡುಪನ್ನು ನಮ್ಮಲ್ಲಿ ಯಾರೂ ಹೊಲಿಯುವುದಿಲ್ಲ, ಕಟ್ಟುತ್ತೇವೆ. ಶಾಲೆಯ ಮಕ್ಕಳ ಸಮವಸ್ತ್ರವನ್ನು ಒಟ್ಟಿಗೇ ನಡೆಸುವುದರಿಂದ ನೋಡುವ ಅಜ್ಜಿಯರಿಗೆ ಆಕಳಿಕೆ ಬಂದು, ದಸರಾ ಹೊತ್ತಿಗೆ ಅರ್ಧ ಮಕ್ಕಳು ಸೇಫ್ಟಿಪಿನ್ನಿನಲ್ಲಿರುತ್ತವೆ. ನಮ್ಮೂರಿನ ಹೆಂಗಸರು ನಲ್ಲಿಯ ಹತ್ತಿರ ಜಗಳವಾಡಿದರೆ ಕೊನೆಗೆ ಬರುವ ಮಾತು, "ಹೋಗೇ, ನಿನ್ನ ಬಟ್ಟೆ ನಾನು ನೋಡಲ್ಲ" ಎಂಬುದು. ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ.

ನಮ್ಮದು ತಲೆತಲಾಂತರದ ಹೊಲಿಗೆಯ ಮನೆ. ಶುಕ್ರವಾರ ಸಾಯಂಕಾಲ ನಮ್ಮ ಅಂಗಡಿಯ ನಡಿಗೆ. ಅಂಗಿ ಹೊಲಿಸಿದವರು ಕೈ ಅಲ್ಲಾಡಿಸದೆ, ನಗದೆ, ಒಬ್ಬರ ಹಿಂದೆ ಒಬ್ಬರು ನಡೆದುಹೋಗುತ್ತಿದ್ದರು. ಜನ ಅವರೆಕಾಯಿ ಸುಲಿಯುತ್ತ ಒಂದು ಕಣ್ಣು ಇಡುತ್ತಿದ್ದರು. ಕೆಲವು ತಿಂಗಳಲ್ಲಿ ಹೊಲಿಗೆ ಬಿಡುತ್ತಿತ್ತು, ಅವರು ಮತ್ತೆ ತರುತ್ತಿದ್ದರು, ನಾನು ಮತ್ತೆ ಹೊಲಿದುಕೊಡುತ್ತಿದ್ದೆ. ಬಟ್ಟೆ ಎಂದರೆ ಹಾಗೇ ಎಂದು ಎಲ್ಲರೂ ತಿಳಿದಿದ್ದೆವು. ಮಂದಾಕಿನಿ ಈ ಮನೆಗೆ ಬರುವವರೆಗೆ ನನಗೆ ಯಾವ ತೊಂದರೆಯೂ ಇರಲಿಲ್ಲ.

ಬಂದ ಹೊಸದರಲ್ಲಿ ಅವಳಿಗೆ ಅಂಚು ಮಡಿಸುವ ಕೆಲಸ ಕೊಟ್ಟಿದ್ದೆವು. ಅದನ್ನೂ ಸೊಟ್ಟ ಮಾಡುತ್ತಿದ್ದಳು. ಒಂದು ದಿನ ಅತ್ತೆಯ ಹತ್ತಿರ ಹೋಗಿ, "ಈ ಶುಕ್ರವಾರ ನಂಗೆ ಬಿಟ್ಕೊಡಿ ಅತ್ತೆ" ಎಂದು ಕೇಳಿದಳು. ಅತ್ತೆ ಹೂಂ ಅಂದರು. ಹೋಗಲಿ, ಚಿಕ್ಕವಳು, ಆಟವಾಡಲಿ ಎಂದು ನಾನೂ ಸುಮ್ಮನಿದ್ದೆ.

ಅವಳು ಬಾವಿಯ ಮುಂದೆ ಹಳೆಯ ಬೆಡ್‌ಶೀಟು ಕಟ್ಟಿದಳು. ಜನ ಬಂದು ಕೂತರು. ಯಾರೂ ಹೊರಗೆ ಬರಲಿಲ್ಲ. ಅವರೆಕಾಯಿ ಸುಲಿದು ಮುಗಿಯಿತು, ಆಗಲೂ ಯಾರೂ ಬರಲಿಲ್ಲ. "ಏನಮ್ಮ, ನಮಗೇನು ಮನೇಲಿ ಕೆಲಸ ಇಲ್ವಾ?" ಎಂದು ಎದುರು ಮನೆಯವರು ಎದ್ದೇಬಿಟ್ಟರು. ಅಷ್ಟು ಹೊತ್ತಿಗೆ ಬೆಡ್‌ಶೀಟು ಸರಿಯಿತು. ಒಳಗಿನಿಂದ ಬಂದವರು ನಮ್ಮ ಅತ್ತೆ. ಹುಟ್ಟಿದಾರಭ್ಯ ಸೀರೆ ರವಿಕೆ ಬಿಟ್ಟು ಬೇರೇನೂ ತೊಡದ ನಮ್ಮ ಅತ್ತೆ ಸೀರೆಯ ಮೇಲೆ ಮೊಣಕಾಲುದ್ದದ ಕೆಂಪು ಕೋಟು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟುಕೊಂಡು, ನಿಧಾನಕ್ಕೆ ನಡೆದುಬಂದರು. ನಾನು ಕೂತಿದ್ದ ಜಗಲಿಯ ಎದುರಿಗೇ ನಿಂತರು. ಕೋಟಿನ ಜೇಬಿಗೆ ಕೈ ಹಾಕಿ ಒಂದು ಹಿಡಿ ಕಡ್ಲೆಪುರಿ ತೆಗೆದು ತಿಂದರು. ಕೈ ಒರೆಸಿಕೊಂಡು ಬೇವಿನಮರದ ಕಡೆ ಹೊರಟುಹೋದರು. ಅಷ್ಟೇ. ಬೀದಿಯಲ್ಲಿ ಯಾರೂ ಕಣ್ಣು ಕೀಳಲಿಲ್ಲ.

ನನ್ನ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ನಾನು ಈ ಮನೆಗೆ ಬಂದಾಗಿನಿಂದ ಅತ್ತೆಗೆ ರವಿಕೆ ಹೊಲಿದು ಕೊಟ್ಟವಳು. ಒಂದು ದಿನವಾದರೂ ನನಗಾಗಿ ಬೀದಿಯಲ್ಲಿ ನಡೆದರೇ ಅವರು? ಆ ಕೋಟಿನ ಎಡಗಡೆಯ ಜೇಬು ಸೊಟ್ಟ ಇತ್ತು. ಒಂದು ಬೆರಳಿನಷ್ಟು ಕೆಳಗೆ ಜಾರಿತ್ತು. ಅಂಥ ಜೇಬನ್ನು ಹೊಲಿದವಳಿಗೆ ಇಷ್ಟು ಮರ್ಯಾದೆಯೇ ಎಂದು ಅದನ್ನೇ ನೋಡುತ್ತ ಕೂತೆ. ಅತ್ತೆ ಬೇವಿನಮರ ಮುಟ್ಟಿದರೂ ನನ್ನ ಕಣ್ಣು ಆ ಜೇಬನ್ನು ಬಿಡಲಿಲ್ಲ.

ರಾತ್ರಿ ಅನ್ನ ಬಡಿಸುತ್ತ ಕೇಳಿದೆ. "ನಾನು ಕರೆದಿದ್ರೆ ನಡೀತಿದ್ರಾ ಅತ್ತೆ?"

"ನೀನು ಯಾವತ್ತು ಕರೆದೆ ಜಲಜ?" ಅಂದರು ಅವರು, ಅನ್ನ ಕಲೆಸುತ್ತ. ಆ ಕೆಂಪು ಕೋಟನ್ನು ಸಾಯುವವರೆಗೂ ಹಾಕಿಕೊಂಡರು. ಒಂದು ಎಳೆ ದಾರ ಜಾರಲಿಲ್ಲ. ಹೋಗುವಾಗಲೂ ಅದನ್ನೇ ತೊಟ್ಟು ಹೋದರು.

ಅಲ್ಲಿಂದ ಶುಕ್ರವಾರಗಳು ಅವಳ ಪಾಲಾದವು. ಒಮ್ಮೆ ಅವಳ ಹತ್ತಿರ ಹೊಲಿಸಿದ ಹುಡುಗಿಯರು ಉದ್ದನೆಯ ಅಂಗಿ ತೊಟ್ಟು, ಹಿಂದುಹಿಂದಕ್ಕೆ ನಡೆಯುತ್ತ, ತಮ್ಮ ಹೆಜ್ಜೆಯನ್ನು ತಾವೇ ಪೊರಕೆಯಿಂದ ಗುಡಿಸಿಕೊಂಡು ಬಂದರು. ಇನ್ನೊಮ್ಮೆ ಒಬ್ಬ ಗಂಡಸನ್ನು ನಮ್ಮ ಜಗಲಿಯ ಮುಂದೆ ಕುರ್ಚಿ ಹಾಕಿ ಕೂರಿಸಿದಳು. ಅವನು ಶರ್ಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ, ಪುರುಸೊತ್ತಾಗಿ ಹಾಕಿಕೊಂಡು, ಕೊನೆಯದೊಂದನ್ನು ಹಾಕದೆ ಎದ್ದುಹೋದ. ಒಂದು ವಾರ ಊರಿನಲ್ಲಿ ಅದೇ ಮಾತು. ಆ ಗುಂಡಿ ಯಾಕೆ ಹಾಕಲಿಲ್ಲ, ಹಾಕಬೇಕಿತ್ತೋ ಬೇಡವೋ, ಹಾಕಿದ್ದರೆ ಏನಾಗುತ್ತಿತ್ತು. ನನ್ನ ಗಂಡ ಚನ್ನಕೇಶವಯ್ಯನವರೂ ಊಟಕ್ಕೆ ಕೂತಾಗ ಅದನ್ನೇ ಮಾತಾಡಿದರು. "ಆ ಕಾಜಾ ಸೊಟ್ಟ ಇತ್ತು ಕಣ್ರೀ, ಗುಂಡಿ ಹಾಕೋಕೆ ಆಗ್ತಿರ್ಲಿಲ್ಲ" ಎಂದೆ. ಅವರು ನನ್ನನ್ನು ಒಂಥರಾ ನೋಡಿ ಮಜ್ಜಿಗೆ ಹಾಕಿಸಿಕೊಂಡರು.

"ಇದೇನು ಬಟ್ಟೆಯಾ, ನಾಟಕವಾ?" ಎಂದು ಅವಳನ್ನೇ ಕೇಳಿದ್ದೆ.

"ಗೂಟಕ್ಕೆ ನೇತು ಹಾಕಿದ್ರೆ ಬಟ್ಟೆ ಅಕ್ಕ. ಬೀದಿಗೆ ಬಂದ್ರೆ ಅದಕ್ಕೂ ಒಂದು ಕತೆ ಬೇಕಲ್ವಾ" ಅಂದಳು. ಮಾತಾಡುವಾಗ ಎಷ್ಟು ಮೆತ್ತಗೆ ಮಾತಾಡುತ್ತಾಳೆಂದರೆ ಎದುರಿನವರಿಗೆ ಬೈಯಲೂ ಆಗುವುದಿಲ್ಲ. ಒಂದು ಮಾತ್ರ ನಾನು ಗಮನಿಸಿದ್ದೆ. ಅವಳ ನಡಿಗೆಯವರು ಎಲ್ಲಿಂದ ಬಂದರೂ ನನ್ನ ಜಗಲಿಯ ಎದುರಿಗೇ ನಿಲ್ಲುತ್ತಿದ್ದರು. ಕುರ್ಚಿ ಹಾಕಿದರೆ ಅಲ್ಲೇ, ಕುಣಿದರೆ ಅಲ್ಲೇ. ನನ್ನ ಹೊಟ್ಟೆ ಉರಿಸಲಿಕ್ಕೇ ಹೀಗೆ ಮಾಡುತ್ತಾಳೆ ಎಂದುಕೊಂಡೆ. ಎದ್ದು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಇನ್ನೇನು ತಪ್ಪು ಮಾಡಿದ್ದಾಳೆ ನೋಡೋಣವೆಂದು ಕೂತೇ ಇರುತ್ತಿದ್ದೆ.

ನಾನೂ ಒಂದು ಸಲ ಪ್ರಯತ್ನ ಮಾಡಿದೆ. ಅವಳಿಗೆ ಬರುವುದು ನನಗೆ ಬರುವುದಿಲ್ಲವೇ? ಬೆಲ್ಲದ ಮಂಡಿಯ ಸಾಹುಕಾರರಿಗೆ ರೇಷ್ಮೆಯ ಜುಬ್ಬ ಹೊಲಿದಿದ್ದೆ. ನಾನೂ ಬಾವಿಯ ಮುಂದೆ ಬೆಡ್‌ಶೀಟು ಕಟ್ಟಿದೆ, ಅವರ ಜೇಬಿಗೂ ಕಡ್ಲೆಪುರಿ ಹಾಕಿ ನಡೆಸಿದೆ. ಜಗಲಿಯ ಎದುರು ನಿಂತು ತಿನ್ನಲು ಹೋಗಿ ಅವರಿಗೆ ಕೆಮ್ಮು ಬಂತು. ಪುರಿಯೆಲ್ಲ ಗಡ್ಡಕ್ಕೆ ಮೆತ್ತಿಕೊಂಡಿತು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಜನ ಬೇವಿನಮರದವರೆಗೂ ಕಣ್ಣು ಕೀಳದೆ ನೋಡಿದರು, ಆದರೆ ನೋಡಿದ್ದು ಗಡ್ಡವನ್ನು. ದೀಪ ಹಚ್ಚುವ ಹೊತ್ತಿಗೆ ಸಾಹುಕಾರರು ಮಂಡಿಯಲ್ಲಿ ಬೆಲ್ಲ ತೂಗುತ್ತಿರುವಾಗ ಜುಬ್ಬ ಬಿಚ್ಚಿಕೊಂಡು ತಕ್ಕಡಿಯಲ್ಲಿ ಬಿತ್ತಂತೆ. ಆಮೇಲೆ ಅವರು ಮಂದಾಕಿನಿಯ ಹತ್ತಿರವೇ ಹೊಲಿಸಿಕೊಳ್ಳಲು ಶುರುಮಾಡಿದರು.

ಇದೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಬಂದದ್ದು ಮಗಳ ಮದುವೆಯಲ್ಲಿ.

ನನಗಿರುವುದು ತಾರಿಣಿ ಒಬ್ಬಳೇ. ನಮ್ಮಲ್ಲಿ ಮದುಮಗಳು ಸೀರೆಯ ಮೇಲೆ ನಿಲುವಂಗಿ ತೊಟ್ಟು, ಸಂಜೆ ದೀಪ ಹಚ್ಚುವ ಹೊತ್ತಿಗೆ, ಬೀಗರು ನೋಡುತ್ತಿರುವಾಗ ಬೀದಿಯಲ್ಲಿ ನಡೆದು ಬೇವಿನಮರದ ಕೆಳಗೆ ನಿಂತ ಗಂಡನ್ನು ಸೇರಬೇಕು. ಆ ನಡಿಗೆಯಲ್ಲಿ ಒಂದು ಹೊಲಿಗೆ ಜಾರಿದರೂ ಮಾತು ಜೀವಮಾನವಿಡೀ ಉಳಿಯುತ್ತದೆ. ತಾರಿಣಿ ಅಂಬೆಗಾಲಿಡುವಾಗಲೇ ನಾನು ಆ ನಿಲುವಂಗಿಗೆ ಬಟ್ಟೆ ತಂದಿದ್ದೆ. ಗಿಣಿಹಸಿರು ರೇಷ್ಮೆ. ಅಂಚಿಗೆಲ್ಲ ಮಲ್ಲಿಗೆ ಮೊಗ್ಗಿನ ಕಸೂತಿ. ಅವಳು ಬೆಳೆದ ಹಾಗೆ ಅಳತೆ ಬಿಡಿಸಿ, ಮತ್ತೆ ಕೂಡಿಸಿ, ಟ್ರಂಕಿನಲ್ಲಿ ಬೇವಿನೆಲೆಯ ನಡುವೆ ಇಟ್ಟಿದ್ದೆ. ಸಂಬಂಧ ಕುದುರಿದ ದಿನ ತೆಗೆದು ಅವಳ ಮುಂದೆ ಹಾಸಿದೆ.

ಮಗಳು ಅಂಚನ್ನು ಬೆರಳಲ್ಲಿ ಸವರಿದಳು. "ತುಂಬಾ ಚೆನ್ನಾಗಿದೆ ಅಮ್ಮ" ಅಂದಳು.

"ಮೈಮೇಲೆ ಹಿಡ್ಕೋ, ಅಳತೆ ನೋಡೋಣ."

"ಬೇಜಾರು ಮಾಡ್ಕೋಬೇಡಮ್ಮ. ನಾನು ಚಿಕ್ಕಮ್ಮನ ಹತ್ರ ಹೊಲಿಸ್ಕೋತೀನಿ."

"ಯಾಕೆ, ನನ್ನ ಹೊಲಿಗೆಗೆ ಏನು ಬಂದಿದೆ?"

"ಹೊಲಿಗೆಗೆ ಏನೂ ಬಂದಿಲ್ಲ. ನೀನು ನಡೆಸಿದ್ದನ್ನ ಯಾರೂ ನೋಡಲ್ಲ ಅಮ್ಮ. ಬೀಗರ ಮುಂದೆ ಬಿಚ್ಕೊಂಡ್ರೆ ನಾನೇನು ಮಾಡ್ಲಿ?" ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಸಿಟ್ಟೆಲ್ಲ ಹೋಗಿ ಮಂದಾಕಿನಿಯ ಮೇಲೆ ಕೂತಿತು. ನನ್ನ ಅತ್ತೆಯನ್ನು ತೆಗೆದುಕೊಂಡಳು, ಶುಕ್ರವಾರವನ್ನು ತೆಗೆದುಕೊಂಡಳು, ಈಗ ಮಗಳನ್ನು. ಅವಳಿಗೇನು, ಎರಡು ಗಂಡುಮಕ್ಕಳಿದ್ದಾರೆ, ಹೆಣ್ಣಿನ ಮದುವೆಯ ಸಂಭ್ರಮವೂ ನನ್ನದೇ ಬೇಕಾಗಿತ್ತೇ?

ಸಂಜೆ ಅವಳೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ತಾರಿಣಿ ಬಂದಿದ್ಲು ಅಕ್ಕ. ನೀವು ಬೇಡ ಅಂದ್ರೆ ನಾನು ಹೊಲಿಯಲ್ಲ."

ನೋಡಿ, ಇದೇ ನನಗೆ ಆಗದ್ದು. ಕಸಿದುಕೊಂಡಿದ್ದರೆ ಜಗಳವಾಡಬಹುದಿತ್ತು. "ಹೊಲಿ ತಾಯಿ, ಬೇಡ ಅಂದೋರ್ಯಾರು" ಎಂದೆ. ಹಿಟ್ಟು ನಾದುತ್ತಿದ್ದೆ, ಇನ್ನೂ ಗಟ್ಟಿಯಾಗಿ ನಾದಿದೆ. ಅವತ್ತಿನ ಚಪಾತಿಯನ್ನು ಯಾರಿಂದಲೂ ಹರಿಯಲಾಗಲಿಲ್ಲ.

ಆ ಹಿಟ್ಟು ನಾದುವಾಗಲೇ ನನಗೆ ಯೋಚನೆ ಹೊಳೆದದ್ದು. ನಮ್ಮೂರಿನ ಜನ ಎಂಥ ನಡಿಗೆಯನ್ನಾದರೂ ಬಿಟ್ಟು ತಿರುಗಿ ನೋಡುವ ನೋಟ ಒಂದೇ ಒಂದಿದೆ. ಯಾರದಾದರೂ ಮೈಮೇಲಿನ ಬಟ್ಟೆ ಬಿಚ್ಚಿ ಬೀಳುವುದು. ಅದರ ಮುಂದೆ ಮಂದಾಕಿನಿಯ ಯಾವ ನಾಟಕವೂ ಇಲ್ಲ. ಮದುವೆಯ ದಿನ ಹೆಣ್ಣಿನ ಅಪ್ಪ ಬೆಳಗಿನಿಂದ ಜರಿಶಾಲು ಹೊದ್ದಿರುತ್ತಾನೆ. ಮಗಳು ನಡೆಯುತ್ತ ಜಗಲಿಯ ಎದುರು ಬಂದಾಗ ಆ ಶಾಲನ್ನು ತೆಗೆದು ಬೀಗರಿಗೆ ಹೊದಿಸಬೇಕು. ಶಾಲಿನ ಒಳಗೆ ನಡೆಸದೇ ಇರುವ ಜುಬ್ಬ ಇದ್ದರೆ? ಶಾಲು ತೆಗೆಯುವುದಕ್ಕೂ ದೀಪ ಹಚ್ಚುವ ಹೊತ್ತು ಆಗುವುದಕ್ಕೂ ಸರಿಹೋಗುತ್ತದೆ. ಬೀದಿಯ ಕಣ್ಣೆಲ್ಲ ನನ್ನ ಗಂಡನ ಮೇಲೆ. ಆಗ ಮಗಳ ಮೈಮೇಲಿನ ಮಂದಾಕಿನಿಯ ನಿಲುವಂಗಿ ನೋಡುವವರಿಲ್ಲದೆ ಜಾರುತ್ತದೆ. ಜಾರಿದ ಕೂಡಲೇ ಕಂಬದ ಹಿಂದೆ ಕಾದಿರುವ ನಾನು ಓಡಿಹೋಗಿ ಗಿಣಿಹಸಿರು ನಿಲುವಂಗಿ ತೊಡಿಸುತ್ತೇನೆ. ಆಗ ಯಾರು ತಾನೇ ಕಣ್ಣು ಕಿತ್ತಾರು? ಅಲ್ಲಿಂದ ಬೇವಿನಮರದವರೆಗೆ ಇಡೀ ಊರು, ಬೀಗರ ಪರಿವಾರ, ಮಂದಾಕಿನಿ, ಎಲ್ಲರೂ ನನ್ನ ಹೊಲಿಗೆಯನ್ನೇ ನೋಡುತ್ತಾರೆ. ಮಗಳ ಮಾನವೂ ಉಳಿಯುತ್ತದೆ, ಅದನ್ನು ಉಳಿಸಿದವಳು ನಾನೇ ಆಗುತ್ತೇನೆ. ಗಂಡನ ಮಾನದ ಬಗ್ಗೆ ಅಷ್ಟಾಗಿ ಯೋಚಿಸಲಿಲ್ಲ. ಸೊಂಟಕ್ಕೆ ಪಂಚೆ ಇದ್ದೇ ಇರುತ್ತದಲ್ಲ.

ಮದುವೆಯ ದಿನ ಬಂತು. ಬೆಳಿಗ್ಗೆ ಗಂಡನಿಗೆ ಹೊಸ ಜುಬ್ಬ ಕೊಟ್ಟೆ. "ಇದನ್ನ ಯಾವಾಗ ನಡೆಸಿದ್ಯೇ?" ಎಂದು ಕೇಳಿದರು. "ಹಿತ್ತಲಲ್ಲಿ ನಾನೇ ತೊಟ್ಟು ನಡೆಸಿ ಆಯ್ತು, ಹಾಕ್ಕೊಳ್ರೀ" ಎಂದೆ. ಪಾಪದ ಮನುಷ್ಯ, ಹಾಕಿಕೊಂಡು ಮೇಲೆ ಶಾಲು ಹೊದ್ದುಕೊಂಡರು. ಸೆಕೆ ಸೆಕೆ ಎನ್ನುತ್ತ ದಿನವಿಡೀ ಬೀಸಣಿಗೆ ಹಿಡಿದುಕೊಂಡಿದ್ದರು.

ಮಂದಾಕಿನಿ ಅವತ್ತು ಏನು ಮಾಡಿದಳೆಂದು ಹೇಳಲೇಬೇಕು, ನಾನೇನೂ ಸುಳ್ಳುಗಾತಿಯಲ್ಲ. ಮುಂಚಿನ ದಿನವೇ ಮನೆ ಮನೆಗೆ ಹೋಗಿ ಹೇಳಿಬಂದಿದ್ದಳು, ನಾಳೆ ಸಂಜೆ ಯಾರೂ ದೀಪ ಹಚ್ಚಬೇಡಿ ಎಂದು. ಹೊತ್ತು ಇಳಿಯಿತು. ಬೀದಿಯೆಲ್ಲ ಮಬ್ಬು. ಬಾವಿಯ ಕಡೆಯಿಂದ ತಾರಿಣಿ ಕೈಯಲ್ಲಿ ಒಂದು ಹಣತೆ ಹಿಡಿದುಕೊಂಡು ಬಂದಳು. ಮೈಮೇಲೆ ಸಾದಾ ಬಿಳಿಯ ನಿಲುವಂಗಿ. ಒಂದು ಚುಕ್ಕಿ ಕಸೂತಿಯಿಲ್ಲ. ಮೊದಲನೆಯ ಮನೆಯ ಜಗಲಿಗೆ ಬಂದು, ಕೈಯೆತ್ತಿ, ಅವರ ಗೂಡಿನ ದೀಪವನ್ನು ತನ್ನ ಹಣತೆಯಿಂದ ಹಚ್ಚಿದಳು. ಕೈಯೆತ್ತಿದಾಗ ತೋಳಿನ ಒಳಗಿನ ಲೈನಿಂಗ್ ಕಂಡಿತು, ಅಪ್ಪಟ ಅರಿಸಿನ. ಕೈ ಇಳಿಸಿದಾಗ ಮರೆಯಾಯಿತು. ಮುಂದಿನ ಮನೆ. ಮತ್ತೆ ಕೈಯೆತ್ತಿದಳು, ಮತ್ತೆ ಆ ಹಳದಿ. ಹೀಗೆ ಅವಳು ಬಂದಂತೆಲ್ಲ ಹಿಂದಿನ ಬೀದಿ ಬೆಳಗುತ್ತ, ಮುಂದಿನ ಬೀದಿ ಕಾಯುತ್ತ ಇತ್ತು. ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ನನ್ನ ಬಾಯಲ್ಲೇ ಹೇಳಿಸುತ್ತಾಳಲ್ಲ, ಅದಕ್ಕೇ ಅವಳನ್ನು ಕಂಡರೆ ನನಗಾಗುವುದಿಲ್ಲ. ಎಡಭುಜದ ಕೂಡು ಮಾತ್ರ ಸೊಟ್ಟ ಇತ್ತು. ಬೆನ್ನಿನ ಕಡೆಗೆ ಹೊರಳಿತ್ತು. ನನ್ನ ಮಗಳ ಮದುವೆಯ ಅಂಗಿಯಲ್ಲೂ ಹಾಗೆ ಮಾಡಿದ್ದಳು.

ತಾರಿಣಿ ನಮ್ಮ ಜಗಲಿಯ ಎದುರು ಬಂದು ನಿಂತಳು. ನಮ್ಮ ಮನೆಯ ದೀಪ ಹಚ್ಚಿದಳು. ನನ್ನ ಗಂಡ ಎದ್ದು, ಶಾಲು ತೆಗೆದು, ಬೀಗರಿಗೆ ಹೊದಿಸಲು ಬಗ್ಗಿದರು. ಬಲದ ತೋಳು ಕಳಚಿ ಬೀಗರ ತೊಡೆಯ ಮೇಲೆ ಬಿತ್ತು. ಬೀಗರು ಅದನ್ನೂ ಉಡುಗೊರೆಯೆಂದು ತಿಳಿದು ಎತ್ತಿ ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಎಡದ ತೋಳು, ಆಮೇಲೆ ಬೆನ್ನು.

"ಲೇ ಜಲಜ, ಬೆನ್ನಿಗೆ ಗಾಳಿ ಹೊಡೀತಿದೆ ಕಣೇ" ಅಂದರು ನನ್ನ ಗಂಡ.

ಬೀದಿ ಎದ್ದು ನಿಂತಿತು. ಎದುರು ಜಗಲಿಯವರು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಬೇವಿನಮರದ ಕೆಳಗಿದ್ದ ಮದುಮಗನೂ ಕತ್ತು ಚಾಚಿ ಮಾವನನ್ನೇ ನೋಡಿದ. ನಾನು ಎಣಿಸಿದ ಹಾಗೇ ಆಯಿತು, ಒಂದಿಷ್ಟೂ ಆಚೀಚೆ ಇಲ್ಲ. ನಾನು ಗಿಣಿಹಸಿರು ನಿಲುವಂಗಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಕಂಬದ ಹಿಂದಿನಿಂದ ಮಗಳ ಎಡಭುಜವನ್ನೇ ನೋಡುತ್ತ ನಿಂತೆ. ಅಲ್ಲಿಂದಲೇ ಶುರುವಾಗಬೇಕು. ಸೊಟ್ಟ ಕೂಡು, ಮೊದಲು ಅದೇ ಬಿಡಬೇಕು. ಈಗ ಬಿಡುತ್ತದೆ. ಈಗ.

ತಾರಿಣಿ ಹಣತೆ ಹಿಡಿದು ಸುತ್ತ ನೋಡಿದಳು. ಒಂದು ಮುಖವೂ ಅವಳ ಕಡೆಗಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಅವಳು ನನ್ನನ್ನು ಕಂಡಳು. ಕಂಡು, ಗದ್ದ ಮೇಲೆತ್ತಿ, ಮುಂದಿನ ಮನೆಗೆ ನಡೆದಳು. ಕೈಯೆತ್ತಿ ದೀಪ ಹಚ್ಚಿದಳು. ನಾನು ಜಗಲಿ ಇಳಿದು ಬೀದಿಗೆ ಬಂದೆ. ಭುಜ ಬಿಡಲಿಲ್ಲ. ಕಂಕುಳ ತೇಪೆ ನೋಡಿದೆ, ಬಿಡಲಿಲ್ಲ. ಅಂಚು ನೋಡಿದೆ. ಅಷ್ಟು ಕಣ್ಣಿಟ್ಟು ನಾನು ನನ್ನ ಜನ್ಮದಲ್ಲಿ ಏನನ್ನೂ ನೋಡಿದ್ದಿಲ್ಲ. ರೆಪ್ಪೆ ಹೊಡೆದರೆ ಆ ಕ್ಷಣದಲ್ಲೇ ಜಾರಿಬಿಟ್ಟೀತು, ನನಗೆ ಕಾಣದೆ ಹೋದೀತು ಎಂದು ರೆಪ್ಪೆಯನ್ನೂ ಹೊಡೆಯಲಿಲ್ಲ. ಮಗಳು ಕೊನೆಯ ದೀಪ ಹಚ್ಚಿ ಬೇವಿನಮರ ಮುಟ್ಟಿದಳು. ಒಂದು ದಾರವೂ ಅಲುಗಿರಲಿಲ್ಲ. ಆಗ ನನಗೆ ಹೊಳೆಯಿತು, ಬೀದಿಯ ಕಣ್ಣೆಲ್ಲ ಲೆಕ್ಕ ಹಿಡಿದ ನಾನು ನನ್ನದನ್ನೇ ಮರೆತಿದ್ದೆ.

ಗಂಡಿನ ಮನೆಗೆ ಹೊರಡುವ ಮುಂಚೆ ತಾರಿಣಿ ನನ್ನನ್ನು ತಬ್ಬಿಕೊಂಡಳು. "ಎಲ್ಲರೂ ಅಪ್ಪನ್ನ ನೋಡ್ತಿದ್ರು ಅಮ್ಮ. ನೀನೊಬ್ಬಳೇ ನನ್ನ ನೋಡ್ತಿದ್ದೆ" ಅಂದಳು. ನನ್ನ ಕಂಕುಳಲ್ಲಿ ಇನ್ನೂ ಆ ಗಂಟಿತ್ತು. ನನಗೆ ಅಳು ಬಂತು. ಅಂಗಿ ಬಿಚ್ಚಿಕೊಳ್ಳಲಿಲ್ಲವಲ್ಲ ಎಂದು ಸಮಾಧಾನವೂ ಆಗಿತ್ತು, ಬಿಚ್ಚಿಕೊಳ್ಳಲಿಲ್ಲವಲ್ಲ ಎಂದು ಸಂಕಟವೂ ಆಗಿತ್ತು. ಎರಡಕ್ಕೂ ಒಟ್ಟಿಗೇ ಅತ್ತುಬಿಟ್ಟೆ. ನೋಡಿದವರು ಹೆತ್ತ ಕರುಳು ಎಂದರು. ನನ್ನ ಗಂಡನಿಗಂತೂ ಬೇಸರವೇ ಆಗಲಿಲ್ಲ. ಇಡೀ ಊರು ನನ್ನನ್ನೇ ನೋಡಿತು ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದರು.

ಮಾರನೆಯ ದಿನ ಮಧ್ಯಾಹ್ನ ಮಂದಾಕಿನಿ ಉಳಿದ ಲಾಡುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ನಾನು ಚಾಪೆ ಸುತ್ತುತ್ತಿದ್ದೆ.

"ಭಾವನ ಜುಬ್ಬ ನಡೆಸಿರ್ಲಿಲ್ಲ ಅಲ್ವಾ ಅಕ್ಕ?" ಅಂದಳು, ತಲೆ ಎತ್ತದೆ.

ನಾನು ಚಾಪೆಯನ್ನು ಇನ್ನೂ ಬಿಗಿಯಾಗಿ ಸುತ್ತಿದೆ.

"ನಂಗೇನೂ ಹೆದರಿಕೆ ಆಗ್ಲಿಲ್ಲ. ನೀವಿದ್ರಲ್ಲ."

"ನಾನಿದ್ರೆ ಏನಂತೆ?"

"ಅತ್ತೆ ಕೋಟು ನಡೆಸಿದ ದಿನಾನೇ ಗೊತ್ತಾಯ್ತು ನಂಗೆ. ಊರವರೆಲ್ಲ ಕಡ್ಲೆಪುರಿ ನೋಡಿದ್ರು. ನೀವೊಬ್ರೇ ಜೇಬು ನೋಡಿದ್ರಿ. ಗುಂಡಿ ಹಾಕ್ಕೊಂಡವನ್ನ ನೋಡಿದ್ರು, ಪೊರಕೆ ನೋಡಿದ್ರು, ಬಟ್ಟೆ ಯಾರು ನೋಡ್ತಾರೆ ಅಕ್ಕ? ನೀವು ನೋಡ್ತೀರಿ. ನಾಟಕ ಆಡಿಸೋದು ಜನ ಬಂದು ಕೂರ್ಲಿ ಅಂತ. ಹೊಲಿಗೆ ನಿಲ್ಲಿಸಿದ್ದು ನಿಮ್ಮ ಕಣ್ಣು. ಅದಕ್ಕೇ ಎಲ್ಲಾರ್ನೂ ನಿಮ್ಮ ಜಗಲಿ ಮುಂದೇನೇ ನಿಲ್ಲಿಸ್ತಿದ್ದೆ."

ಚಾಪೆ ನನ್ನ ಕೈಯಿಂದ ಬಿಚ್ಚಿಕೊಂಡು ನೆಲದ ಮೇಲೆ ಹಾಸಿಕೊಂಡಿತು. "ಹಾಗಾದ್ರೆ ಆ ಸೊಟ್ಟ ಹೊಲಿಗೆ?"

"ಜೇಬು ನಂಗೆ ಬರದೇನೇ ಸೊಟ್ಟ ಆಗಿದ್ದು. ಆಮೇಲಿಂದೆಲ್ಲ ಬೇಕಂತ್ಲೇ. ನೇರ ಇದ್ರೆ ನಿಮ್ಮ ಕಣ್ಣು ನಿಲ್ಲೋದು ಯಾವುದರ ಮೇಲೆ?" ಎಂದು ಒಂದು ಲಾಡು ನನ್ನ ಕೈಗೆ ಕೊಟ್ಟಳು. "ನಂಗೆ ನೇರ ಹೊಲಿಯೋಕೆ ಬರಲ್ಲ ಅನ್ನೋದೂ ನಿಜಾನೇ ಬಿಡಿ."

ಇಷ್ಟು ವರ್ಷ ಅವಳ ಹೊಲಿಗೆಗೆ ನಾನು ಬಿಟ್ಟಿ ದುಡಿದಿದ್ದೆ. ನನ್ನ ಹೊಟ್ಟೆಕಿಚ್ಚಿನಲ್ಲಿ ಅವಳು ಅಡುಗೆ ಮಾಡಿ ಊರಿಗೆಲ್ಲ ಬಡಿಸಿದ್ದಳು. ಒಳಗೆ ಹೋಗಿ ಗಂಟು ಬಿಚ್ಚಿ ಗಿಣಿಹಸಿರು ನಿಲುವಂಗಿ ತೊಟ್ಟುಕೊಂಡು ಬಂದೆ. ಮಗಳ ಅಳತೆಯದು, ಸೊಂಟದಲ್ಲಿ ಬಿಗಿಯಿತು. "ಜಗಲಿ ಮೇಲೆ ಕೂತ್ಕೋ" ಎಂದೆ. "ಈಗ ನೀನು ನೋಡು. ನಾನು ನೋಡಿದ ಹಾಗೇ ನೋಡಬೇಕು."

ಊರು ಮದುವೆಯೂಟದ ಆಯಾಸಕ್ಕೆ ಮಲಗಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಾವಿಯಿಂದ ನಡೆದುಬಂದೆ. ಕಡ್ಲೆಪುರಿ ಇಲ್ಲ, ಪರದೆ ಇಲ್ಲ, ದೀಪ ಇಲ್ಲ, ಬರೀ ನನ್ನ ಹೊಲಿಗೆ. ಮಂದಾಕಿನಿ ಕೂತು ನೋಡಿದಳು. ಅಂಚು ನೋಡಿದಳು, ಭುಜ ನೋಡಿದಳು, ಮೊಗ್ಗುಗಳನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು. "ಎಷ್ಟು ನೇರ ಅಕ್ಕ" ಅಂದಳು. "ಈ ಜನ್ಮದಲ್ಲಿ ನಂಗೆ ಬರಲ್ಲ." ಹಾಗೆಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಂದು ನಿಟ್ಟುಸಿರು ಬಿಟ್ಟು, ತನ್ನ ಕೈಗಳನ್ನು ನೋಡುತ್ತ ಸುಮ್ಮನೆ ಕೂತಳು. ನಾನಿನ್ನೂ ಬೇವಿನಮರ ಮುಟ್ಟಿರಲಿಲ್ಲ. ಒಳ್ಳೆಯದನ್ನು ನೋಡಿದವರು ಹಾಗೇ ಮಾಡುತ್ತಾರೆ. ಅವರಿಗೆ ಮನಸ್ಸು ತುಂಬುತ್ತದೆ, ಸಾಕೆನಿಸುತ್ತದೆ.

ದೀಪ ಹಚ್ಚುವ ಹೊತ್ತಿಗೆ ನಾನು ದೇವರ ಮುಂದೆ ಕೂತಿದ್ದೆ. ಮೊದಲು ಎಡಭುಜ ಬಿಟ್ಟಿತು. ಆಮೇಲೆ ಒಂದೊಂದಾಗಿ ಎಲ್ಲ ಬಿಟ್ಟು, ಹಸಿರು ತುಂಡುಗಳು ನನ್ನ ಸುತ್ತ ಬಿದ್ದವು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದು, ಅವಳಿಗೆ ನನ್ನ ಮೇಲೆ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ಅದೊಂದನ್ನು ಮಾತ್ರ ನಾನು ಅವಳಿಗೆ ಕ್ಷಮಿಸಲಾರೆ.

ಆ ತುಂಡುಗಳನ್ನು ಮತ್ತೆ ಕೂಡಿಸುತ್ತಿದ್ದೇನೆ. ಒಂದು ತೋಳನ್ನು ಸೊಟ್ಟ ಹೊಲಿಯೋಣವೆಂದು ನೋಡಿದೆ, ಕೈ ಬಗ್ಗಲಿಲ್ಲ. ತಾರಿಣಿ ಹಬ್ಬಕ್ಕೆ ಬಂದಿದ್ದಳು, ಅವಳ ಬಿಳಿಯ ನಿಲುವಂಗಿ ಹೊಸದರಂತೆಯೇ ಇದೆ. ಹೋದ ಶುಕ್ರವಾರ ನಾನು ಜಗಲಿಗೆ ಹೋಗಲೇ ಇಲ್ಲ. ಅವತ್ತಾದರೂ ಊರಿನ ಮುಂದೆ ಮಂದಾಕಿನಿಯ ಬಂಡವಾಳ ಬಯಲಾಗಲಿ ಎಂದು ಬಾಗಿಲು ಮುಚ್ಚಿ, ಅಗಳಿ ಹಾಕಿ, ಒಳಗೆ ಅಕ್ಕಿ ಆರಿಸುತ್ತ ಕೂತೆ. ಹೊರಗೆ ಬೀದಿ ಗಲಗಲ ಅನ್ನುತ್ತಿತ್ತು. ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ನಮ್ಮ ಜಗಲಿಯ ಎದುರಿಗೆ ಯಾರೋ ಬಂದು ನಿಂತದ್ದು ಗೊತ್ತಾಯಿತು. ನಿಂತವರು ಹೋಗಲಿಲ್ಲ. ಅಕ್ಕಿಯ ಮೊರ ಕೆಳಗಿಟ್ಟು, ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದೆ. ಕಾಲರು ಸೊಟ್ಟ ಇತ್ತು. ಬೇವಿನಮರದವರೆಗೂ ನೋಡಿದೆ.